ಎರಡನೆಯ ಸಾಲಿನ ಹಸಿರು ಸೀರೆ

ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ನಮ್ಮ ಹೆಂಗಸರ ಸಂಘಕ್ಕೆ ವೆಬ್‌ಸೈಟ್ ಮಾಡಿಕೊಟ್ಟ ಹೆಂಗಸಿಗೆ ಏಳು ತಿಂಗಳು ತುಂಬಿತ್ತು. ಮೆಲ್ಕಾರ್‌ನ ಒಂದು ಕಟ್ಟಡದ ಮಾಳಿಗೆಯಲ್ಲಿ ಅವಳ ಕೋಣೆ. ಆ ಮೆಟ್ಟಿಲು ಹತ್ತುವುದು ಅವಳಿಗೂ ಕಷ್ಟ, ನನಗೂ ಕಷ್ಟ. ಅವಳಿಗೆ ಹೊಟ್ಟೆ, ನನಗೆ ಮೊಣಕಾಲು. ಹೆರಿಗೆಗೆ ಬೆಳ್ತಂಗಡಿಯ ತಾಯಿಮನೆಗೆ ಹೊರಟಿದ್ದಳು. ಹೋದರೆ ಕೆಲವು ತಿಂಗಳು ಈ ಕಡೆ ಬರುವ ಹಾಗಿಲ್ಲ. ನಮಗಾದರೋ ಹಲಸಿನ ಹಪ್ಪಳದ ಕಾಲ. ಯಾವುದು ಮುಗಿಯಿತು, ಯಾವುದು ಹೊಸತಾಗಿ ಬಂತು ಎಂದು ವೆಬ್‌ಸೈಟಿನಲ್ಲಿ ಆಗಾಗ ಬದಲಾಯಿಸದಿದ್ದರೆ ಇಲ್ಲದ ಸಾಮಾನಿಗೆ ಆರ್ಡರು ಬರುತ್ತದೆ, ಆಮೇಲೆ ಬೈಗುಳ ಬರುತ್ತದೆ.

"ಇನ್ನು ನೀವೇ ಮಾಡಿ ಅಜ್ಜಿ, ಅಧ್ಯಕ್ಷೆ ಅಲ್ವಾ," ಎಂದಳು.

"ನಾನಾ? ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಸುರಿ ಆದ ಮೇಲೆ ನಿನ್ನ ತಲೆ ಸರಿ ಉಂಟಾ?"

"ನೀವು ಬಾಯಲ್ಲಿ ಹೇಳಿದರೆ ಸಾಕು. ಮಾಡ್ಲಿಕ್ಕೆ ಇದು ಉಂಟು."

ಇದು ಎಂದರೆ ಎಐ ಸಹಾಯಕ. ಕೋಡ್ ಬರೆಯುವವರ ಜೊತೆ ಕೂತು ಕೆಲಸ ಮಾಡಲಿಕ್ಕೆ ಹುಟ್ಟಿದ್ದಂತೆ. ಅದು ಇರುವುದು ಒಂದು ಕಡೆ. ನಮ್ಮ ಪುಟಗಳ ಚಿತ್ರ, ಅಕ್ಷರ, ಬಣ್ಣ ಎಲ್ಲ ಇರುವುದು ಇನ್ನೊಂದು ಕಡೆ, ಅವಳು ವೆಬ್‌ಸೈಟ್ ಮಾಡುವ ಡಿಸೈನ್ ಟೂಲಿನಲ್ಲಿ. ಎರಡೂ ಬೇರೆ ಬೇರೆ ಕಂಪೆನಿಯವು. ಈಗ ಇವೆರಡರ ನಡುವೆ ಸಂಪರ್ಕ ಕೊಡಲು ಬರುತ್ತದೆ. ಕೊಟ್ಟರೆ ಎಐ ನಮ್ಮ ವಿನ್ಯಾಸವನ್ನು ತಾನೇ ತೆರೆದು ನೋಡುತ್ತದೆ, ಹೇಳಿದ್ದನ್ನು ತಿದ್ದುತ್ತದೆ.

ಸಂಘದ ಹಳೆಯ ಲ್ಯಾಪ್‌ಟಾಪನ್ನು ಅವಳ ಮೇಜಿನ ಮೇಲಿಟ್ಟು ಕೂತೆವು. ಎಐಯ ಸೆಟ್ಟಿಂಗ್‌ನಲ್ಲಿ ಡಿಸೈನ್ ಟೂಲಿನವರು ಕೊಟ್ಟ ಒಂದು ವಿಳಾಸ ಹಾಕಿದಳು. ಆಗ ಒಂದು ಕಿಟಕಿ ತೆರೆದು, ನೀವು ಯಾರು ಎಂದು ಕೇಳಿತು. ತನ್ನ ಲಾಗಿನ್ ಅವಳು ಕೊಡಲಿಲ್ಲ. ಕೊಟ್ಟರೆ ಅವಳ ಬೇರೆ ಗಿರಾಕಿಗಳ ಕೆಲಸವೂ ನನ್ನ ಬೆರಳಿನ ಕೆಳಗೆ ಬರುತ್ತದೆ. ಸಂಘದ ಹೆಸರಿನಲ್ಲಿ ಬೇರೆ ಖಾತೆ ತೆರೆದು, ಅದಕ್ಕೆ ತನ್ನ ಫೋನ್ ನಂಬರು ಕೊಟ್ಟಳು. ನನ್ನ ಫೋನು ಮನೆಯಲ್ಲಿ ಯಾರ ಕೈಯಲ್ಲಿರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ, ಅದು ಅವಳಿಗೂ ಗೊತ್ತು. ಆಮೇಲೆ ಅನುಮತಿ. ಎಐ ಬರೀ ನೋಡಬಹುದೇ, ತಿದ್ದಲೂಬಹುದೇ? ತಿದ್ದಬಹುದು ಎಂದು ಒತ್ತಿದಳು. ಇನ್ನೊಂದು ಕಡೆ, ತಿದ್ದುವ ಮೊದಲು ಪ್ರತಿ ಸಲ ಕೇಳಬೇಕು ಎಂಬುದನ್ನೂ ಒತ್ತಿದಳು.

"ಅದು ಕೇಳ್ತದೆ. ನೀವು ಹ್ಞೂಂ ಹೇಳದೆ ಒಂದು ಚುಕ್ಕೆ ಸಹ ಮುಟ್ಟುವುದಿಲ್ಲ. ಇದು ಮಾತ್ರ ನೆನಪಿಡಿ ಅಜ್ಜಿ."

ನೆನಪಿಡುತ್ತೇನೆ ಎಂದೆ.

ಮೊದಲ ಪರೀಕ್ಷೆ: ನಮ್ಮ ವೆಬ್‌ಸೈಟಿನಲ್ಲಿ ಏನೇನು ಉಂಟು ಹೇಳು ಎಂದು ಕೇಳಿದೆ. ಅದಕ್ಕೆ ತುಳು ಬರುವುದಿಲ್ಲ. ಶಾಲೆಯಲ್ಲಿ ಇನ್‌ಸ್ಪೆಕ್ಟರು ಬಂದಾಗ ಪದ್ಯ ಒಪ್ಪಿಸಿದ ಹಾಗೆ ನಿಧಾನವಾಗಿ ಕನ್ನಡದಲ್ಲಿ ಹೇಳಬೇಕು. ಉತ್ತರ ಬಂತು: ಚೌಕಟ್ಟು ಹನ್ನೆರಡು, ಚೌಕಟ್ಟು ಹದಿಮೂರು, ಆಯತ, ಆಯತದ ನಕಲು. ನನಗೆ ನಗು ಬಂತು.

"ಇದೆಂತ, ಸರ್ವೆ ನಂಬರು ಓದಿದ ಹಾಗೆ?"

"ತಪ್ಪು ನನ್ನದು," ಎಂದಳು. "ನಾನೊಬ್ಬಳೇ ನೋಡುವಾಗ ಹೆಸರು ಬೇಕಾಗಿರಲಿಲ್ಲ. ಎಲ್ಲಿ ಎಂತ ಉಂಟು ಅಂತ ನನ್ನ ತಲೆಯಲ್ಲಿ ಉಂಟು."

ಹಾಗಾಗಿ ಎಲ್ಲದಕ್ಕೂ ಹೆಸರಿಡುವ ಕೆಲಸ ಶುರುವಾಯಿತು. ಹೊಸ ಸೊಸೆ ಬರುವಾಗ ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸಿದ ಹಾಗೆ. ಮುಖಪುಟದ ಮೇಲಿನ ಪಟ್ಟಿ, ಉಪ್ಪಿನಕಾಯಿ ಸಾಲು, ವಿಚಾರಿಸುವ ಗುಂಡಿ. ನಾನು ಹೇಳಿದೆ, ಅವಳು ಬರೆದಳು. "ನಮ್ಮವರು" ಎಂಬ ಪುಟ ಕೊನೆಗೆ ಬಂತು. ಅದರಲ್ಲಿ ಸಂಘದ ಒಬ್ಬೊಬ್ಬಳಿಗೂ ಒಂದು ಕಾರ್ಡು: ಮೇಲೆ ಮುಖ, ಕೆಳಗೆ ಹೆಸರು, ಊರು, ಮಾಡುವ ತಿಂಡಿ. ಒಂದು ಕಾರ್ಡಿನಲ್ಲಿ ಮಾತ್ರ ಮುಖ ಇಲ್ಲ. ಹಪ್ಪಳ ಒತ್ತುವ ಎರಡು ಕೈ ಉಂಟು. ಅದಕ್ಕೆ ಅವಳು "ಕೈ ಕಾರ್ಡು" ಎಂದು ಹೆಸರಿಟ್ಟು ಮುಂದೆ ಹೋದಳು. ಯಾಕೆ ಕೈ ಎಂದು ಎಲ್ಲಿಯೂ ಬರೆಯಲಿಲ್ಲ. ನನಗೆ ಗೊತ್ತಿತ್ತಲ್ಲ.

ಆ ಕೈ ಒಂದು ಗುತ್ತಿನ ಮನೆಯ ಹೆಂಗಸಿನದು. ಗುತ್ತು ಎಂದರೆ ನಮ್ಮ ಕಡೆ ಊರಿನ ಹಳೆಯ, ಭೂಮಿ ಇರುವ, ನಾಲ್ಕು ಜನ ತಲೆ ಬಾಗುವ ಮನೆ. ನನ್ನ ತಾಯಿ ಅದೇ ಮನೆಯ ಗದ್ದೆಯಲ್ಲಿ ನೇಜಿ, ಎಂದರೆ ಭತ್ತದ ಸಸಿ, ನೆಟ್ಟವಳು. ಈಗ ಆ ಮನೆಯನ್ನು ನಡೆಸುವುದು ಇವರ ಅಣ್ಣ, ಕೊಲ್ಲಿಯಲ್ಲಿ ಹೋಟೆಲು ಇಟ್ಟವರು. ತಂಗಿಗೆ ಏನೂ ಕಡಿಮೆ ಮಾಡಿದವರಲ್ಲ. ಆದರೂ ಈಕೆ ನಮ್ಮ ಸಂಘದ ಕೆಲಸ ನಡೆಯುವ ಶೆಡ್ಡಿಗೆ ಬಂದು ಹಲಸಿನ ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಹಪ್ಪಳ ಒತ್ತುತ್ತಿದ್ದರು. ಕಾರ್ಡಿನ ಫೋಟೋಗೆ ಅಂತ ನಾನೂ ವೆಬ್‌ಸೈಟಿನ ಈ ಡಿಸೈನ್ ಹೆಂಗಸೂ ಅವರ ಮನೆಗೆ ಹೋದಾಗ ಜಗಲಿಯಲ್ಲಿ ನಿಂತುಕೊಂಡೇ ಹೇಳಿದರು:

"ಮುಖ ಬೇಡ ಅಕ್ಕ, ಹೆಸರೂ ಬೇಡ. ಸ್ವಲ್ಪ ಸಮಯ. ಅಣ್ಣನಿಗೆ ಇನ್ನೂ ಗೊತ್ತಿಲ್ಲ."

ಆಗಲಿ ಎಂದೆವು. ಡಿಸೈನ್ ಹೆಂಗಸು ಅಂಗಳದ ಬಿಸಿಲಿಗೆ ಕರೆದು, ಹಪ್ಪಳ ಒತ್ತಿಸಿ, ಕೈಯ ಚಿತ್ರ ತೆಗೆದಳು. ನಮ್ಮ ಕಡೆ ಜಗಲಿಯಲ್ಲಿ ಆದ ಮಾತನ್ನು ಯಾರೂ ಬರೆದಿಡುವುದಿಲ್ಲ. ಗದ್ದೆಯ ನೀರಿನ ಪಾಲಿನಿಂದ ಹಿಡಿದು ಮದುವೆಯ ಮಾತಿನವರೆಗೆ ಎಲ್ಲ ಬಾಯಲ್ಲೇ. ಬರೆ ಎಂದರೆ ನಂಬಿಕೆ ಇಲ್ಲ ಎಂದ ಹಾಗೆ.

ಡಿಸೈನ್ ಹೆಂಗಸು ಬೆಳ್ತಂಗಡಿಗೆ ಹೋದಳು. ನಾನು ಶೆಡ್ಡಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ.

ಮೊದಮೊದಲು ನಾನೂ ಅದೂ ಜಗಳವಾಡಿಕೊಂಡೇ ಇದ್ದೆವು. ಕರೆಂಟು ಉಳಿಯಲಿ ಎಂದು ನಾನು ಬೇಡದ ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದೆ. ಎಐಯನ್ನು ಕೇಳಿದರೆ, ನಿಮ್ಮ ವಿನ್ಯಾಸ ನನಗೆ ಕಾಣುತ್ತಿಲ್ಲ ಎನ್ನುತ್ತಿತ್ತು. ನಿನ್ನೆ ಕಂಡದ್ದು ಇವತ್ತು ಹೇಗೆ ಕಾಣುವುದಿಲ್ಲ ಎಂದು ನಾನು. ಕೊನೆಗೆ ತಿಳಿಯಿತು, ಡಿಸೈನ್ ಟೂಲಿನ ಕಿಟಕಿಯೂ ಪಕ್ಕದಲ್ಲಿ ತೆರೆದೇ ಇರಬೇಕು. ಬಾಗಿಲು ಹಾಕಿಕೊಂಡು, ಒಳಗೆ ಗುಡಿಸು ಎಂದರೆ ಯಾರು ಗುಡಿಸುತ್ತಾರೆ? ಇನ್ನೊಮ್ಮೆ ಉಪ್ಪಿನಕಾಯಿ ಕಾರ್ಡಿನ ಅಕ್ಷರ ದೊಡ್ಡದು ಮಾಡು ಎಂದೆ. ಎಲ್ಲ ಕಾರ್ಡಿನ ಅಕ್ಷರವೂ ಊದಿಕೊಂಡಿತು. ನೆರಿಯದಿಂದ ಮಾವಿನ ಮಿಡಿ ತಂದು ಉಪ್ಪಿನಕಾಯಿ ಹಾಕುವವಳೊಬ್ಬಳು ನಮ್ಮಲ್ಲಿದ್ದಾಳೆ, ಬಾಯಿ ಸುಮ್ಮನಿರುವುದಿಲ್ಲ. ಬಗ್ಗಿ ನೋಡಿ ಹೇಳಿದಳು:

"ಎಂತ ಅಜ್ಜಿ, ಎಲ್ಲರಿಗೂ ಕೆಪ್ಪಟೆರಾಯ ಬಂದು ಕೆನ್ನೆ ಊದಿದ ಹಾಗೆ ಉಂಟಲ್ಲ?"

"ನಿನ್ನ ಕಾರ್ಡಿಗೆ ಮೊದಲು ಬಂದದ್ದು. ನಿನ್ನಿಂದ ಅಂಟಿದ್ದು."

ಬೆಳ್ತಂಗಡಿಗೆ ಫೋನು ಮಾಡಿದೆ. ಕಾರ್ಡುಗಳಿಗೆಲ್ಲ ಮೂಲದಲ್ಲಿ ಒಂದೇ ಅಚ್ಚು, ಅಚ್ಚನ್ನು ಮುಟ್ಟಿದರೆ ಎಲ್ಲವೂ ಬದಲಾಗುತ್ತದೆ ಎಂದಳು. ಅಚ್ಚಿಗೆ ಹಿಟ್ಟು ಹಾಕಿ ಸೇಮಿಗೆ ಒತ್ತುವವರಿಗೆ ಇದು ಎರಡು ಸಲ ಹೇಳಬೇಕಾಗಿಲ್ಲ. ಒಂದನ್ನೇ ಬದಲಿಸಬೇಕಾದರೆ, ಅಚ್ಚು ಬಿಟ್ಟು ಈ ಒಂದನ್ನು ಮಾತ್ರ ಎಂದು ಹೇಳಲು ಕಲಿತೆ. ಇನ್ನೂ ಒಂದು ಕಲಿತೆ: ತಿದ್ದಿದ ಕೂಡಲೇ ಲೋಕಕ್ಕೆ ಕಾಣುವುದಿಲ್ಲ, ಪ್ರಕಟಿಸು ಎಂದು ಬೇರೆ ಹೇಳಬೇಕು.

ಮಾವಿನ ಮಿಡಿ ಮುಗಿಯುವ ಹೊತ್ತಿಗೆ ನನ್ನ ಕೈ ಪಳಗಿತ್ತು. ಸತ್ಯ ಹೇಳಬೇಕಾದರೆ ತಲೆಯೂ ತಿರುಗಿತ್ತು. ನನ್ನ ಪ್ರಾಯದವರು ಟಿವಿ ರಿಮೋಟು ಹುಡುಕುವಾಗ ನಾನು ವೆಬ್‌ಸೈಟ್ ನಡೆಸುತ್ತಿದ್ದೆ.

ಆಗ ಮೂಡಬಿದ್ರೆಯ ಅಂಗಡಿಯವನೊಬ್ಬ ಬಂದ. ನಮ್ಮ ಸಾಮಾನನ್ನು ಅವನ ಅಂಗಡಿಯಲ್ಲಿ ಇಡುವ ಮಾತು. ಫೋನಿನಲ್ಲಿ ನಮ್ಮ ಪುಟ ತೆರೆದು ಒಂದೊಂದೇ ಸರಿಸಿ ನೋಡಿದ.

"ಎಲ್ಲ ಚೆಂದ ಉಂಟು. ಇದೊಂದು ಎಂತದು, ಬರೀ ಕೈ? ಮನುಷ್ಯರಿಲ್ವಾ ಇದಕ್ಕೆ?"

ಉಳಿದವರು ನಕ್ಕರು. ಗುತ್ತಿನವರು ಅವತ್ತು ಬಂದಿರಲಿಲ್ಲ. ನಾನು ಏನೋ ಹೇಳಿ ಅವನನ್ನು ಕಳಿಸಿದೆ. ಆದರೆ ಮಾತು ಒಳಗೆ ಕೂತಿತು.

ಮರುದಿನ ಕಾರ್ಡುಗಳ ಅಳತೆ ಸರಿ ಮಾಡು ಎಂದು ಎಐಗೆ ಹೇಳಿದೆ. ಅದು ಎಲ್ಲ ನೋಡಿ ಕನ್ನಡದಲ್ಲಿ ಬರೆಯಿತು: ಒಂದು ಕಾರ್ಡು ಉಳಿದವುಗಳಂತೆ ಇಲ್ಲ, ಮುಖವಿಲ್ಲ, ಹೆಸರಿಲ್ಲ, ಇದು ಉದ್ದೇಶಪೂರ್ವಕವೇ, ಹಾಗೆಯೇ ಬಿಡಬೇಕೇ ಅಥವಾ ಉಳಿದವುಗಳಂತೆ ಮಾಡಬೇಕೇ? ಉದ್ದೇಶಪೂರ್ವಕ ಎಂಬುದನ್ನು ನಾನು ಎರಡು ಸಲ ಓದಬೇಕಾಯಿತು. ಓದಿದ ಮೇಲೆ ಅರ್ಥವಾಯಿತು. ಚೆನ್ನಾಗಿಯೇ ಅರ್ಥವಾಯಿತು.

ನನ್ನ ಮನಸ್ಸಿನಲ್ಲಿ ಆಗ ಇದ್ದದ್ದನ್ನು ಬರೆಯದೆ ಇದ್ದರೆ ಈ ಬರಹಕ್ಕೆ ಬೆಲೆ ಇಲ್ಲ. ನಾವೆಲ್ಲ ಮುಖ ತೋರಿಸಿ ಮಾರಬಹುದು, ಇವರಿಗೆ ಆಗುವುದಿಲ್ಲವಾ? ನಾವು ಬೀಡಿ ಕಟ್ಟಿ ಬಂದವರು, ನಮಗೆ ಮರ್ಯಾದೆ ಇಲ್ಲ. ಇವರಿಗೆ ಮಾತ್ರ ಉಂಟು. ಹಪ್ಪಳ ಒತ್ತಲಿಕ್ಕೆ ನಾಚಿಕೆ ಇಲ್ಲ, ಹೇಳಲಿಕ್ಕೆ ನಾಚಿಕೆ. ನನ್ನ ತಾಯಿ ಆ ಮನೆಯ ಗದ್ದೆಗೆ ಬಗ್ಗುವಾಗ ಅವಳ ಮುಖವನ್ನು ಯಾರೂ ಅಡಗಿಸಿರಲಿಲ್ಲ. ಇದೆಲ್ಲ ಒಂದು ಕ್ಷಣದಲ್ಲಿ ಬಂದದ್ದಲ್ಲ. ತುಂಬ ದಿನದಿಂದ ಒಳಗೆ ಹುಳಿ ಬರುತ್ತಿದ್ದದ್ದು.

ಉಳಿದವುಗಳಂತೆ ಮಾಡು ಎಂದೆ.

ಅದಕ್ಕೆ ಅವರ ಚಿತ್ರ ಬೇಕು ಎಂದಿತು. ಸಂಘದ ವಾರ್ಷಿಕೋತ್ಸವದಲ್ಲಿ ಎಲ್ಲರೂ ನಿಂತು ತೆಗೆಸಿದ ಫೋಟೋ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನು ಕೊಟ್ಟೆ. ಇದರಲ್ಲಿ ಹಲವರಿದ್ದಾರೆ, ಅವರು ಯಾರು ಎಂದು ಕೇಳಿತು. ಎರಡನೇ ಸಾಲು, ಬಲಗಡೆಯ ಕೊನೆ, ಹಸಿರು ಸೀರೆ ಎಂದೆ. ಹೆಸರು, ಊರು ಕೇಳಿತು. ಹೆಸರು ಹೇಳಿದೆ. ಊರಿನ ಬದಲು ಗುತ್ತಿನ ಹೆಸರನ್ನೇ ಹೇಳಿದೆ. ಮಾಡಿ ತೋರಿಸಿತು. ಫೋಟೋದಲ್ಲಿ ಅವರು ಪಕ್ಕದವಳ ಮಾತಿಗೆ ನಗುತ್ತಿದ್ದರು, ಆ ನಗು ದೊಡ್ಡದಾಗಿ ಕಾರ್ಡಿನಲ್ಲಿ ಕೂತಿತ್ತು. ಪ್ರಕಟಿಸಲೇ? ಪ್ರಕಟಿಸು.

ಇಷ್ಟು ಸಲ ಕೇಳಿತು ಅದು. ಇಷ್ಟು ಸಲವೂ ಹ್ಞೂಂ ಹೇಳಿದವಳು ನಾನು.

ಆಮೇಲೆ ಗುತ್ತಿನವರು ಶೆಡ್ಡಿಗೆ ಬರುವುದು ನಿಂತಿತು. ನೆಂಟರು ಬಂದಿರಬೇಕು ಎಂದುಕೊಂಡೆವು. ಸುದ್ದಿ ತಂದದ್ದು ನೆರಿಯದವಳು. ಕೊಲ್ಲಿಯಲ್ಲಿರುವ ಯಾರೋ ಊರಿನವರು ಆ ಕಾರ್ಡನ್ನು ವಾಟ್ಸಾಪಿನಲ್ಲಿ ಅವರ ಅಣ್ಣನಿಗೆ ಕಳಿಸಿದ್ದಾರೆ, ಗುತ್ತಿನಲ್ಲಿ ಹಪ್ಪಳದ ವ್ಯಾಪಾರ ಯಾವಾಗ ಶುರುವಾಯಿತು ಎಂದು ನಗುವ ಚಿತ್ರ ಸೇರಿಸಿ. ಅಣ್ಣ ತಂಗಿಗೆ ಫೋನು ಮಾಡಿದ್ದಾರೆ.

"ಮುಖ ಯಾರು ಹಾಕಿದ್ದು ಅಜ್ಜಿ? ಬೇಡ ಅಂತ ಇತ್ತಲ್ಲ?"

ಎಲ್ಲರೂ ಕೆಲಸ ನಿಲ್ಲಿಸಿ ನನ್ನನ್ನು ನೋಡಿದರು. ನನ್ನ ಬಾಯಿಯಿಂದ ಬಂದದ್ದು ಇದು:

"ನನಗೆಂತ ಗೊತ್ತು. ಕಾರ್ಡು ಸರಿ ಮಾಡು ಅಂತ ಹೇಳಿದ್ದೆ. ಅದು ಮಾಡಿತು."

"ಯಂತ್ರಕ್ಕೆ ಎಂತ ಗೊತ್ತುಂಟು ಮಾನ ಮರ್ಯಾದೆ," ಎಂದು ನೆರಿಯದವಳು ಲ್ಯಾಪ್‌ಟಾಪಿಗೆ ಶಾಪ ಹಾಕಿದಳು. ಉಳಿದವರೂ ಹಾಕಿದರು. ಶಾಪ ತಿನ್ನಲಿಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ, ತಿರುಗಿ ಮಾತಾಡುವುದಿಲ್ಲ.

ಮೊದಲು ಮುಖ ತೆಗೆಯುವ ಎಂದು ಕೂತೆ. ವಿನ್ಯಾಸ ಕಾಣುತ್ತಿಲ್ಲ ಎಂದಿತು. ಪಕ್ಕದ ಕಿಟಕಿ ತೆರೆದೆ. ಆಗಲೂ ಇಲ್ಲ. ಸಂಪರ್ಕದ ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ ಎಂದಿತು. ಆದರೆ ಲಾಗಿನ್ ಆಗಲು ಬೇಕಾದ ಒಟಿಪಿ ನಂಬರು ಬರುವುದು ಖಾತೆ ತೆರೆದವಳ ಫೋನಿಗೆ, ಬೆಳ್ತಂಗಡಿಗೆ. ಅವಳು ಫೋನು ಎತ್ತಲಿಲ್ಲ. ಆಸ್ಪತ್ರೆಗೆ ತೋರಿಸಲು ಹೋಗಿದ್ದಳಂತೆ. ಅಷ್ಟು ಹೊತ್ತೂ ಆ ನಗುವ ಮುಖ ಅಲ್ಲಿಯೇ ಇತ್ತು. ನಾನು ನನ್ನ ಫೋನಿನಲ್ಲಿ ಮತ್ತೆ ಮತ್ತೆ ತೆರೆದು ನೋಡುತ್ತಿದ್ದೆ, ನೋಡಿದರೆ ಹೋಗುತ್ತದೋ ಎಂಬ ಹಾಗೆ.

ಕೊನೆಗೆ ಅವಳೇ ಕರೆ ಮಾಡಿದಳು. ಬಂದ ನಂಬರು ಹೇಳಿದಳು, ಲಾಗಿನ್ ಆಯಿತು. ಮುಖ, ಹೆಸರು ಎರಡೂ ತೆಗೆದೆವು. ಗಾಬರಿಯಲ್ಲಿ ಪ್ರಕಟಿಸಲು ಮರೆತು, ಇನ್ನೂ ಹೋಗಲಿಲ್ಲ ಎಂದು ಕಿರುಚಿದೆ. ಅದನ್ನೂ ಅವಳೇ ನೆನಪಿಸಿದಳು. ಎಲ್ಲ ಮುಗಿದ ಮೇಲೆ ಮೆಲ್ಲನೆ ಕೇಳಿದಳು:

"ಅದು ಕೇಳ್ಲಿಲ್ವಾ ಅಜ್ಜಿ?"

"ಇಲ್ಲ," ಎಂದೆ.

"ಕೇಳ್ಲೇ ಇಲ್ವಾ? ಒಂದು ಸಲ ಸಹ?"

"ಇಲ್ಲ ಅಂತ ಹೇಳಿದೆನಲ್ಲ ಮಾರಾಯ್ತಿ."

"ಹಾಗಾದರೆ ನಾನು ಎಲ್ಲಿಯೋ ತಪ್ಪು ಮಾಡಿದ್ದೇನೆ. ನೋಡ್ತೇನೆ," ಎಂದಳು.

ಗುತ್ತಿಗೆ ನಾನೊಬ್ಬಳೇ ಹೋದೆ. ಅಧ್ಯಕ್ಷೆಯಾದ ಮೇಲೆ ಹೋಗದಿದ್ದರೆ ಆಗುವುದಿಲ್ಲ. ಹೋಗುವಾಗಲೂ ಯಂತ್ರದ ಮಾತನ್ನೇ ಕಟ್ಟಿಕೊಂಡು ಹೋಗಿದ್ದೆ. ಅವರು ಜಗಲಿಯಲ್ಲಿ ಕುಳ್ಳಿರಿಸಿದರು. ಬೆಲ್ಲ, ನೀರು ತಂದಿಟ್ಟರು. ಶತ್ರು ಬಂದರೂ ನಮ್ಮಲ್ಲಿ ಅದನ್ನು ಇಡುತ್ತಾರೆ.

"ಆ ಯಂತ್ರ ಮಾಡಿದ್ದು," ಎಂದು ಶುರು ಮಾಡಿದೆ. "ಎಲ್ಲ ಒಂದೇ ಹಾಗೆ ಮಾಡು ಅಂತ ಹೇಳಿದ್ದಕ್ಕೆ ಅದು ಹೋಗಿ ನಿಮ್ಮ ಮುಖವನ್ನು..."

ಅವರು ನನ್ನ ಮಾತು ಮುಗಿಯುವವರೆಗೆ ಕಾದರು. ಆಮೇಲೆ ಕೇಳಿದರು:

"ಅಷ್ಟು ಜನ ನಿಂತ ಫೋಟೋದಲ್ಲಿ ನಾನು ಯಾರು ಅಂತ ಅದಕ್ಕೆ ಯಾರು ಹೇಳಿದ್ದು ಅಕ್ಕ?"

ಬೆಲ್ಲದ ತುಂಡು ನನ್ನ ಕೈಯಲ್ಲಿತ್ತು. ಬಾಯಿಗೆ ಹಾಕಲೂ ಆಗಲಿಲ್ಲ, ತಟ್ಟೆಗೆ ಇಡಲೂ ಆಗಲಿಲ್ಲ. ನನ್ನ ಬೆವರಿಗೆ ಅದು ಅಂಟಿಕೊಂಡಿತು. ಇಷ್ಟು ವರ್ಷದಲ್ಲಿ ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ಇವರು ದನಿ ಎತ್ತದೆ ಮುಚ್ಚಿಸಿದರು.

"ನಾನೇ ಹೇಳಿದ್ದು," ಎಂದೆ.

"ಗೊತ್ತುಂಟು."

"ಅದು ಕೇಳಿತ್ತು. ಹಾಗೆಯೇ ಬಿಡುವುದಾ ಅಂತ ಕೇಳಿತ್ತು. ನಾನು ಬೇಕೂಂತಲೇ ಹಾಕಿಸಿದ್ದು."

"ಯಾಕೆ?"

ಹೇಳಿದೆ. ತಾಯಿ, ಗದ್ದೆ, ಮುಖ, ಎಲ್ಲ. ಹೇಳುವಾಗ, ಮನಸ್ಸಿನಲ್ಲಿ ದೊಡ್ಡದಾಗಿ ಇದ್ದದ್ದು ಬಾಯಿಗೆ ಬರುವಾಗ ಎಷ್ಟು ಸಣ್ಣದಾಯಿತು ಎಂದು ನನಗೇ ಕೇಳಿಸಿತು. ಅವರು ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

"ಅಕ್ಕ, ನಾನು ನಾಚಿಕೆಗೆ ಅಡಗಿಸಿದ್ದು ಅಂತ ನಿಮಗೆ ಯಾರು ಹೇಳಿದ್ದು?" ಎಂದರು. "ಅಣ್ಣ ಮಳೆಗಾಲ ಶುರುವಾಗುವಾಗ ಬರ್ತಾನೆ. ಊಟಕ್ಕೆ ಹಪ್ಪಳ ಕಾಯಿಸಿ ಹಾಕಿ, ಅವನು ತಿಂದು ಇನ್ನೊಂದು ಕೇಳಿದ ಮೇಲೆ, ಇದು ನಾನು ಮಾಡಿ ಮಾರುವುದು ಅಂತ ಹೇಳ್ಬೇಕೂಂತ ಇದ್ದೆ. ಎಷ್ಟು ಸಲ ಒಬ್ಬಳೇ ಹೇಳಿ ನೋಡಿದ್ದೇನೆ ಗೊತ್ತುಂಟಾ? ಹಟ್ಟಿಯಲ್ಲಿ ದನದ ಹತ್ತಿರ ಸಹ ಹೇಳಿ ನೋಡಿದ್ದೇನೆ."

ನೀರಿನ ಚೆಂಬನ್ನು ನನ್ನ ಕಡೆ ಸರಿಸಿ ಅವರೇ ಮುಂದುವರಿಸಿದರು:

"ಅವನು ಬೈಲಿಲ್ಲ. ನಾನು ಕಳಿಸುವುದು ನಿನಗೆ ಸಾಕಾಗುವುದಿಲ್ವಾ ಅಂತ ಕೇಳಿದ. ಅಷ್ಟೇ. ಅದಕ್ಕೆ ನನ್ನತ್ರ ಒಳ್ಳೆ ಉತ್ತರ ಇತ್ತು. ಆದರೆ ಸಿಕ್ಕಿಬಿದ್ದ ಮೇಲೆ ಹೇಳಿದರೆ ಅದು ಉತ್ತರ ಆಗುವುದಿಲ್ಲ ಅಕ್ಕ, ನೆಪ ಆಗ್ತದೆ."

ಗೇಟಿನವರೆಗೆ ಬಂದು ಕಳಿಸಿಕೊಟ್ಟರು. ಬರ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಮನೆಗೆ ಹೋಗಿ ಮಲಗಿಬಿಡುವ ಎಂದು ಅನಿಸಿತು. ಬಸ್‌ಸ್ಟ್ಯಾಂಡಿನಲ್ಲಿ ಬೆಳ್ತಂಗಡಿಯ ಬಸ್ಸು ನಿಂತಿತ್ತು. ಅಲ್ಲೊಬ್ಬಳು ನನ್ನ ಸುಳ್ಳಿನ ತಪ್ಪನ್ನು ತನ್ನ ಕೆಲಸದಲ್ಲಿ ಹುಡುಕುತ್ತಾ ಕೂತಿದ್ದಾಳೆ ಎಂಬುದು ನೆನಪಾಯಿತು. ಹತ್ತಿದೆ.

ಡಿಸೈನ್ ಹೆಂಗಸು ಮಂಚದಲ್ಲಿ ದಿಂಬಿಗೆ ಒರಗಿ, ಹೊಟ್ಟೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ಕಾಲು ಬಾತುಕೊಂಡಿತ್ತು. ಮಲಗಿಯೇ ಇರಬೇಕು ಎಂದು ಡಾಕ್ಟರು ಹೇಳಿದ್ದರಂತೆ.

"ಬನ್ನಿ ಅಜ್ಜಿ. ಇನ್ನೂ ಸಿಗ್ಲಿಲ್ಲ. ಕೇಳಬೇಕು ಅಂತಲೇ ಒತ್ತಿದ್ದೇನೆ, ಕಾಣ್ತದೆ. ಆದರೂ ಕೇಳದೆ ಹೇಗೆ ಮಾಡಿತು ಅಂತ ಅರ್ಥ ಆಗುವುದಿಲ್ಲ. ಬೇರೆ ಗಿರಾಕಿಗಳಿಗೂ ಹೀಗೆ ಆದರೆ ಅಂತ ಹೆದರಿ, ನಾನು ಸಂಪರ್ಕ ಕೊಟ್ಟವರದ್ದೆಲ್ಲ ತೆಗೆದುಹಾಕಿದೆ. ಅವರು ಫೋನು ಮಾಡಿ ಬೈತಾ ಇದ್ದಾರೆ."

"ಹುಡುಕಬೇಡ," ಎಂದೆ. "ಅದು ಕೇಳಿತ್ತು. ನಾನು ನಿನಗೆ ಸುಳ್ಳು ಹೇಳಿದ್ದು."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಗೋಡೆಯ ಕಡೆ ತಿರುಗಿದಳು. ಆಮೇಲೆ ಬೈದಳು. ಇಲ್ಲಿ ಬರೆಯುವುದಿಲ್ಲ, ನನಗೆ ಸಲ್ಲಬೇಕಾದ್ದೇ ಅದು. ಕೊನೆಗೆ ಒಂದು ಮಾತು ಹೇಳಿದಳು:

"ನಾನು ನನ್ನ ಕೆಲಸವನ್ನೇ ನಂಬದ ಹಾಗೆ ಮಾಡಿದಿರಲ್ಲ ಅಜ್ಜಿ."

ಕಾಫಿ ಬಂತು. ಅವಳು ಕುಡಿದು, ಕಣ್ಣು ಒರೆಸಿ, ಲ್ಯಾಪ್‌ಟಾಪನ್ನು ನನ್ನ ಮಡಿಲಿಗೆ ಹಾಕಿದಳು.

"ಈಗ ಕೂತು ಕೆಲಸ ಮಾಡುವ. ಅದು ಕೇಳಿದ್ದು ಸರಿ. ಆದರೆ ಕೇಳಿದ್ದು ನಿಮ್ಮನ್ನು. ನಿಮ್ಮನ್ನು ಕೇಳಿದರೆ ಸಾಕಾಗ್ಲಿಕ್ಕಿಲ್ಲ ಅಂತ ನನಗೆ ಹೊಳೀಲಿಲ್ಲ."

ಎಐ ಕೆಲಸಕ್ಕೆ ಕೈ ಹಾಕುವ ಮೊದಲು ಓದುವ ಒಂದು ನಿಯಮದ ಕಡತ ಇಡಲು ಬರುತ್ತದೆ. ವಿನ್ಯಾಸದಲ್ಲಿ ಒಂದೊಂದು ಕಾರ್ಡಿಗೂ ಟಿಪ್ಪಣಿ ಅಂಟಿಸಲೂ ಬರುತ್ತದೆ. ಕಾರ್ಡು ನೋಡುವಾಗ ಎಐ ಅದನ್ನೂ ಓದುತ್ತದೆ. ಜಗಲಿಯಲ್ಲಿ ಆಡಿದ ಮಾತುಗಳನ್ನೆಲ್ಲ ಹೇಳಿ ಎಂದಳು. ನೆನಪು ಮಾಡಿ ಮಾಡಿ ಹೇಳಿದೆ. ಒಬ್ಬಳಿಗೆ ಗಂಡನ ಹೆಸರು ಬೇಡ. ಒಬ್ಬಳಿಗೆ ಊರಿನ ಹೆಸರು ಇರಲಿ, ಬೀದಿಯದ್ದು ಬೇಡ. ನೆರಿಯದವಳಿಗೆ ಹಲ್ಲು ಕಾಣುವ ಫೋಟೋ ಬೇಡ. ಇಷ್ಟು ಮಾತು ಇತ್ತಾ ಎಂದು ನನಗೇ ಆಶ್ಚರ್ಯವಾಯಿತು. ಎಲ್ಲ ಬರೆದ ಮೇಲೆ ಕೊನೆಯ ನಿಯಮವನ್ನು ನಾನೇ ಹೇಳಿ ಬರೆಸಿದೆ: ಯಾರದಾದರೂ ಮುಖ, ಹೆಸರು, ಮನೆಯ ವಿಷಯ ಮುಟ್ಟಬೇಕಾದರೆ ಆ ಹೆಂಗಸೇ ಖುದ್ದಾಗಿ ಒಪ್ಪಬೇಕು; ಅಧ್ಯಕ್ಷೆ ಹೇಳಿದರೆ ಸಾಲದು.

"ಇದು ಬೇಕಾ ಅಜ್ಜಿ?"

"ಬೇಕು. ಅಧ್ಯಕ್ಷೆಯನ್ನು ನಂಬ್ಲಿಕ್ಕೆ ಆಗುವುದಿಲ್ಲ."

ತಿದ್ದುವ ಅನುಮತಿಯನ್ನೂ ಬದಲಾಯಿಸಿದಳು. ಈಗ ಎಐ ವಿನ್ಯಾಸದ ಒಂದು ಪ್ರತಿಯಲ್ಲಿ ಮಾತ್ರ ತಿದ್ದಬಹುದು. ಆ ಪ್ರತಿಯನ್ನು ಶೆಡ್ಡಿನಲ್ಲಿ ಎಲ್ಲರೂ ನೋಡಬೇಕು. ನೆರಿಯದವಳ ಹೆಸರಿನಲ್ಲಿ ಬೇರೆ ಖಾತೆ ತೆರೆದು, ಪ್ರಕಟಿಸುವ ಅಧಿಕಾರವನ್ನು ಅದಕ್ಕೆ ಕೊಟ್ಟಳು.

ಅದಕ್ಕೆ ಕಾರಣ ಹೇಳಬೇಕಲ್ಲ. ಮಾರನೆ ದಿನ ಶೆಡ್ಡಿನಲ್ಲಿ ಹೇಳಿದೆ. ಯಂತ್ರ ಮಾಡಿದ್ದಲ್ಲ, ನಾನು ಮಾಡಿಸಿದ್ದು ಎಂದೆ. ಯಾರೂ ಬೈಯಲಿಲ್ಲ. ನೆರಿಯದವಳು ತಾನು ಶಾಪ ಹಾಕಿದ್ದ ಲ್ಯಾಪ್‌ಟಾಪಿನ ಧೂಳನ್ನು ಸೆರಗಿನಿಂದ ಒರೆಸಿದಳು. ಅದನ್ನು ಸಹಿಸುವುದು ಕಷ್ಟವಾಯಿತು. ಅಧ್ಯಕ್ಷತೆ ಬಿಡುತ್ತೇನೆ ಎಂದೆ.

"ಬಿಟ್ಟು ಓಡ್ಲಿಕ್ಕೆ ನೋಡ್ತೀರಾ?" ಎಂದಳು ನೆರಿಯದವಳು ಆಗ. "ಕೂತ್ಕೊಳ್ಳಿ. ಅವರು ಬಂದರೆ ನೀವು ಇಲ್ಲಿಯೇ ಇರಬೇಕು."

ಅವರು ಬಂದರು, ಹಲಸು ಮುಗಿಯುವ ಮೊದಲು. ಕೊಡೆ ಬಾಗಿಲಿಗೆ ಒರಗಿಸಿ, ಸೆರಗು ಸಿಕ್ಕಿಸಿ, ಏನೂ ಆಗದವರ ಹಾಗೆ ಸೊಳೆ ಬಿಡಿಸಲು ಕೂತರು. ನಾನು ಕಾರ್ಡಿನ ವಿಷಯ ಎತ್ತಿದೆ. ಹಳೆಯ ಕೈಯ ಚಿತ್ರವನ್ನೇ ಹಾಕುವುದಾ, ಅಥವಾ ಕಾರ್ಡನ್ನೇ ತೆಗೆಯುವುದಾ ಎಂದು ಕೇಳಿದೆ. ಅವರು ಮುಖ ಎತ್ತದೆ ಹೇಳಿದರು:

"ಎರಡೂ ಬೇಡ. ಜಾಗ ಇರಲಿ. ಅಣ್ಣನತ್ರ ನಾನು ಮಾತಾಡಿ ಆಗಲಿ. ಆಮೇಲೆ ಎಂತ ಹಾಕುವುದು ಅಂತ ನಾನು ಹೇಳ್ತೇನೆ."

ಅಣ್ಣ ಬಂದರು, ಹೋದರು. ತಂಗಿ ಮಾತಾಡಿದರೋ ಇಲ್ಲವೋ ನಾವು ಕೇಳಲಿಲ್ಲ. ಅವರು ಹೇಳಲಿಲ್ಲ. ಶೆಡ್ಡಿಗೆ ಬರುವುದಂತೂ ನಿಲ್ಲಲಿಲ್ಲ. ನೋಡಿ, ನೀವು ಮಾಡಿದ್ದು ಒಳ್ಳೆಯದೇ ಆಯಿತು, ಈಗ ಕದ್ದು ಬರಬೇಕಾಗಿಲ್ಲವಲ್ಲ ಎಂದು ಒಬ್ಬಳು ನನಗೆ ಸಮಾಧಾನ ಹೇಳಲು ಬಂದಳು. ಅವಳನ್ನು ಗದರಿಸಿ ಕಳಿಸಿದೆ. ಒಳ್ಳೆಯದಾಗಿದ್ದರೆ ಅದು ಅವರು ಮಾಡಿಕೊಂಡದ್ದು. ಅವರ ಅಣ್ಣನ ಎದುರು ಅವರು ಹೇಳಬೇಕೆಂದಿದ್ದ ಮಾತನ್ನು ನಾನು ತಿಂದುಹಾಕಿದೆ. ಅದನ್ನು ತಿರುಗಿ ಕೊಡಲು ಬರುವುದಿಲ್ಲ.

ಮೊನ್ನೆ ಮೂಡಬಿದ್ರೆಯ ಅಂಗಡಿಯವನು ಸಾಮಾನು ಒಯ್ಯಲು ಬಂದಿದ್ದ. ಹಲಸಿನ ಹಪ್ಪಳ ಬೇಗ ಖರ್ಚಾಗುತ್ತದೆ, ಇನ್ನಷ್ಟು ಕೊಡಿ ಎಂದ. ಫೋನಿನಲ್ಲಿ ನಮ್ಮ ಪುಟ ತೆರೆದು ನನಗೆ ತೋರಿಸಿದ.

"ಮೊದಲು ಕೈ ಇತ್ತು, ಈಗ ಅದೂ ಇಲ್ಲ. ಕಾರ್ಡು ಖಾಲಿ. ಇದನ್ನು ಮಾಡುವವರು ಯಾರು ಅಜ್ಜಿ? ಇಲ್ಲಿ ಇದ್ದಾರಾ?"

ಶೆಡ್ಡಿನಲ್ಲಿ ಹಪ್ಪಳದ ಒತ್ತುಮಣೆಯ ಸದ್ದು ನಿಂತಿತು. ಗುತ್ತಿನವರು ನನ್ನಿಂದ ನಾಲ್ಕು ಮಾರು ದೂರದಲ್ಲಿ, ಕೈಗೆ ಎಣ್ಣೆ ಸವರಿಕೊಂಡು ಕೂತಿದ್ದರು.

"ಇದ್ದಾರೆ," ಎಂದೆ.

"ಯಾರು?"

"ಅದು ಅವರು ಹೇಳಬೇಕಾದ್ದು."

ಅವನು ಒಬ್ಬೊಬ್ಬರ ಮುಖ ನೋಡುತ್ತ ಬಂದ. ನಾನು ಎದುರಿನ ಗೋಡೆಯನ್ನೇ ನೋಡುತ್ತಿದ್ದೆ, ಕಣ್ಣು ಅತ್ತ ಹೋಗದ ಹಾಗೆ ಕತ್ತು ಬಿಗಿಹಿಡಿದು. ಆಮೇಲೆ, ಅವರು ಕೂತ ಕಡೆಯಿಂದಲೇ, ಒತ್ತುಮಣೆಯ ಸದ್ದು ಮತ್ತೆ ಶುರುವಾಯಿತು.